ಟವರಿನವರ ತಲೆಗೆ ಕಟ್ಟುವ ಮುನ್ನ

ಕಳಕ್ಕೂಟಂ ಜಂಕ್ಷನ್ನಿನ ಮೇಲ್ಸೇತುವೆಯ ಹತ್ತಿರ ರಾತ್ರಿಯಿಡೀ ತೆರೆದಿರುವ ಒಂದು ಚಾಯಕಡೆ ಇದೆ. ಟೆಕ್ನೋಪಾರ್ಕಿನ ರಾತ್ರಿ ಪಾಳಿ ಮುಗಿಸಿದವರು ಅಲ್ಲಿ ನಿಂತು ಕಟ್ಟನ್ ಚಾಯ ಕುಡಿಯುತ್ತಾರೆ. ಕುಂಬಳೆಯಿಂದ ಬಂದು ಹನ್ನೆರಡು ವರ್ಷದಿಂದ ಇಲ್ಲೇ ಬೀಡುಬಿಟ್ಟ ನಾನೂ ಅವರಲ್ಲೊಬ್ಬ. ಗಲ್ಫಿನ ವಿಮಾನಗಳು ಒಂದರ ಬೆನ್ನಿಗೊಂದು ತಿರುವನಂತಪುರಕ್ಕೆ ಬಂದಿಳಿಯುವ ಹೊತ್ತು ಅದು. ಈಚೆಗೊಂದು ದಿನ ಜೊತೆಗಿದ್ದ ಹುಡುಗ ಮೊಬೈಲಿನಲ್ಲಿ ವಿಮಾನ ತೋರಿಸುವ ಆ್ಯಪ್ ತೆರೆದ. ಕರಾವಳಿಯುದ್ದಕ್ಕೂ ಪುಟ್ಟ ಪುಟ್ಟ ಹಳದಿ ವಿಮಾನಗಳು ಸಾಲುಗಟ್ಟಿದ್ದವು.

"ನೋಡಿ ಚೇಟಾ, ಎತ್ತರ, ವೇಗ, ದಿಕ್ಕು ಎಲ್ಲ ಇಲ್ಲೇ ಉಂಟು. ಟವರಿನಲ್ಲಿ ಕೂತವರು ಇದನ್ನೇ ನೋಡಿ ನಾಲ್ಕು ಮಾತು ಒಪ್ಪಿಸ್ತಾರೆ. ಇದಕ್ಕೆ ಮನುಷ್ಯ ಯಾಕೆ? ತಪ್ಪು ಮಾಡ್ಲಿಕ್ಕಾ?"

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಊರೆಲ್ಲ ಹೇಳುವುದನ್ನೇ ಅವನೂ ಹೇಳಿದ. ಅದೇ ಮಾತು ಟೀವಿ ಚರ್ಚೆಗೆ ಹೋದಾಗ ಬೇರೆ ವೇಷ ಕಟ್ಟುತ್ತದೆ. ಎಲ್ಲೋ ಎರಡು ವಿಮಾನ ಹತ್ತಿರ ಬಂದವು ಎಂಬ ಸುದ್ದಿ ಬಂದರೆ ಸಾಕು, ವಿಮಾನ ಸಂಚಾರ ನಿಯಂತ್ರಣದವರ ಮೇಲೆ 'ಎಟಿಸಿ ಎಡವಟ್ಟು' ಎಂದು ಪರದೆಯ ಅಡಿಯಲ್ಲಿ ಕೆಂಪು ಅಕ್ಷರ ಓಡುತ್ತದೆ. ಯಾರನ್ನು ಸಸ್ಪೆಂಡ್ ಮಾಡಿದರು ಎಂಬುದಷ್ಟೇ ಮರುದಿನದ ಪ್ರಶ್ನೆ. ಕಂಪ್ಯೂಟರಿನವರಿಗೆ ಆ ಕುರ್ಚಿಯಲ್ಲಿ ಯಂತ್ರ ಬೇಕು, ಟೀವಿಯವರಿಗೆ ಆ ಕುರ್ಚಿಯಿಂದ ಒಂದು ಬಲಿ ಬೇಕು. ಅಲ್ಲಿ ಕೂತವರು ಇರುವುದೇ ತಪ್ಪು ಮಾಡಲಿಕ್ಕೆ ಎಂಬ ನಂಬಿಕೆ ಇಬ್ಬರದ್ದೂ. ನನ್ನ ತಕರಾರು ಆ ನಂಬಿಕೆಯ ಮೇಲೆ. ಕಂಟ್ರೋಲರ್ ಒಬ್ಬರ ಪರಿಣತಿಯನ್ನು ಲೈಸೆನ್ಸಿನ ಜೊತೆ ಜೇಬಿನಲ್ಲಿಟ್ಟು ತಿರುಗಲು ಬರುವುದಿಲ್ಲ. ಅದು ಮನೆಯ ಹೆಪ್ಪಿನ ಹಾಗೆ, ದಿನಾ ಹೊಸ ಹಾಲು ಕಾಣದಿದ್ದರೆ ಕೆಡುತ್ತದೆ. ಯಂತ್ರದ ಮೇಲಿನ ಕುರುಡು ಭರವಸೆಯೂ ಶಿಕ್ಷೆಯ ಭಯವೂ ಅದನ್ನು ಕೆಡಿಸುವ ಎರಡು ದಾರಿಗಳು.

ಮೊದಲು ಆ ಹಳದಿ ವಿಮಾನಗಳ ಲೆಕ್ಕ ನೋಡೋಣ. ರಾಡಾರ್ ಕಣ್ಣು ಇರುವ ಕಡೆ, ದೂರದ ಹಾರಾಟದಲ್ಲಿ ಒಂದೇ ಎತ್ತರದ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ 5 ನಾಟಿಕಲ್ ಮೈಲಿ, ಅಂದರೆ ಒಂಬತ್ತೂಕಾಲು ಕಿಲೋಮೀಟರು ಇರಬೇಕು. ಅಷ್ಟು ಇಲ್ಲವಾದರೆ ಒಂದು ಇನ್ನೊಂದಕ್ಕಿಂತ 1000 ಅಡಿ ಮೇಲಿರಬೇಕು. ಕೇಳಲಿಕ್ಕೆ ಧಾರಾಳ. ಆದರೆ ಗಂಟೆಗೆ 900 ಕಿಲೋಮೀಟರು ಓಡುವ ಎರಡು ವಿಮಾನಗಳು ಎದುರುಬದುರಾದರೆ ಸೆಕೆಂಡಿಗೆ ಅರ್ಧ ಕಿಲೋಮೀಟರಿನಂತೆ ಆ ಅಂತರ ಕರಗುತ್ತದೆ. ಹದಿನೆಂಟು ಸೆಕೆಂಡಿಗೆಲ್ಲ ಮುಗಿಯಿತು. ಹುಡುಗನಿಗೆ ಗಡಿಯಾರ ನೋಡಲು ಹೇಳಿದೆ. ಅವನು ಲೋಟಕ್ಕೆ ಸಕ್ಕರೆ ಹಾಕಿ, ಕದಡಿ, ಒಂದು ಗುಟುಕು ಕುಡಿಯುವಷ್ಟರಲ್ಲಿ ಇಪ್ಪತ್ತು ದಾಟಿತ್ತು.

ಅಷ್ಟರೊಳಗೆ ಕಂಟ್ರೋಲರ್ ನೋಡಬೇಕು, ಹೇಳಬೇಕು, ಪೈಲಟ್ ಅದನ್ನು ಕೇಳಿ ತಿರುಗಿ ಒಪ್ಪಿಸಬೇಕು, ಅಷ್ಟು ಭಾರದ ವಿಮಾನ ಬಾಗಬೇಕು. ಆಗುವ ಮಾತಲ್ಲ. ಹಾಗಾಗಿ ಕೆಲಸ ಬಲ್ಲವರು ಅಲ್ಲಿಯ ತನಕ ಕಾಯುವುದೇ ಇಲ್ಲ. ಹತ್ತು ನಿಮಿಷ ಮೊದಲೇ ಒಂದನ್ನು ಒಂದಿಷ್ಟು ನಿಧಾನಿಸಿ, ಇನ್ನೊಂದನ್ನು ಒಂದಿಷ್ಟು ಬೇಗ ಇಳಿಸಿ ಬಿಟ್ಟಿರುತ್ತಾರೆ. ವಿಮಾನ ಈಗ ಎಲ್ಲಿದೆ ಎಂದು ಆ್ಯಪ್ ತೋರಿಸುತ್ತದೆ. ಅದು ಇನ್ನು ಸ್ವಲ್ಪ ಹೊತ್ತಿಗೆ ಎಲ್ಲಿರುತ್ತದೆ ಎಂಬುದು ಕಂಟ್ರೋಲರ್ ತಲೆಯಲ್ಲಿ ಓಡುತ್ತಿರುತ್ತದೆ. ಈ ಕಸುಬಿನವರು ಅದನ್ನು 'ಪಿಕ್ಚರ್' ಎನ್ನುತ್ತಾರೆ. ಪಿಕ್ಚರ್ ಇದ್ದರೆ ಹನ್ನೆರಡು ವಿಮಾನವಾದರೂ ನಿಭಾಯಿಸಬಹುದು, ಹೋಯಿತೆಂದರೆ ನಾಲ್ಕೇ ಇದ್ದರೂ ಕೈಕಾಲು ಆಡುವುದಿಲ್ಲ.

ಅಂತರ ಕಾಯುವುದೆಂದರೆ ಏನೆಂದು ತಿರುವನಂತಪುರದವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೆರಡು ಸಲ, ಅಲ್ಪಶಿ ಮತ್ತು ಪೈಂಗುನಿ ಉತ್ಸವಗಳ ಆರಾಟಿನ ದಿನ, ಪದ್ಮನಾಭಸ್ವಾಮಿಯ ಮೆರವಣಿಗೆ ವಿಮಾನ ನಿಲ್ದಾಣದ ರನ್‌ವೇ ಹಾದೇ ಶಂಖುಮುಖದ ಕಡಲಿಗೆ ಹೋಗಿಬರುತ್ತದೆ. ಅಷ್ಟು ಗಂಟೆ ಹಾರಾಟ ಬಂದ್. ನೆಲ ಒಂದೇ, ದೇವರ ಹೊತ್ತು ಬೇರೆ, ವಿಮಾನದ ಹೊತ್ತು ಬೇರೆ. ಹೊತ್ತು, ದೂರ, ಎತ್ತರ: ಕಂಟ್ರೋಲರ್ ಕೈಯಲ್ಲಿರುವುದು ಈ ಮೂರೇ. ಆರಾಟಿಗೆ ಮೊದಲೇ ಪಂಚಾಂಗ ನೋಡಿ ಗಳಿಗೆ ಇಡಬಹುದು. ಇಡವಪ್ಪಾದಿಯ ಮಳೆಮೋಡ ಪಂಚಾಂಗ ಕೇಳಿ ಬರುವುದಿಲ್ಲ.

ಯಂತ್ರದ ಪರ ವಾದಿಸುವವರು ಚರ್ಖಿ ದಾದ್ರಿಯ ಹೆಸರು ಎತ್ತುತ್ತಾರೆ. ಎತ್ತಲಿ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಮೇಲೇರುತ್ತಿದ್ದ ಸೌದಿ ಜಂಬೋ ಜೆಟ್ಟಿಗೂ ಕೆಳಗಿಳಿಯುತ್ತಿದ್ದ ಕಜಕಸ್ತಾನದ ಇಲ್ಯೂಶಿನ್‌ಗೂ ಡಿಕ್ಕಿಯಾಗಿ 349 ಜನ ಸತ್ತರು. ಸೌದಿ ವಿಮಾನಕ್ಕೆ 14,000 ಅಡಿ, ಕಜಕ್ ವಿಮಾನಕ್ಕೆ 15,000 ಅಡಿ ಎಂದು ಕಂಟ್ರೋಲರ್ ಸರಿಯಾಗಿಯೇ ಹೇಳಿದ್ದರು. ಕಜಕ್ ವಿಮಾನ ಅದಕ್ಕಿಂತ ಕೆಳಗಿಳಿಯಿತು. ಆಗ ದೆಹಲಿಯಲ್ಲಿದ್ದ ರಾಡಾರ್ ಎತ್ತರವನ್ನು ತೋರಿಸುತ್ತಿರಲಿಲ್ಲ. ನ್ಯಾಯಮೂರ್ತಿ ಲಾಹೋಟಿ ಅವರ ವಿಚಾರಣೆ ತಪ್ಪನ್ನು ಕಜಕ್ ಸಿಬ್ಬಂದಿಯ ಮೇಲಿಟ್ಟಿತು. ಆ ಬಳಿಕವೇ ನಮ್ಮ ಆಕಾಶದಲ್ಲಿ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಯಂತ್ರ ಕಡ್ಡಾಯವಾದದ್ದು. ಅದರಿಂದ ಎಷ್ಟೋ ಜೀವ ಉಳಿದಿದೆ, ನಾನೇನೂ ಅಲ್ಲಗಳೆಯುವುದಿಲ್ಲ. ಆದರೆ 'ಯಂತ್ರ ಇದ್ದಿದ್ದರೆ ಉಳಿಯುತ್ತಿದ್ದರು' ಎಂಬುದು ಅರ್ಧ ಪಾಠ.

ಉಳಿದರ್ಧ ಆರು ವರ್ಷ ತುಂಬುವ ಮೊದಲೇ ಜರ್ಮನಿಯ ಊಬರ್ಲಿಂಗನ್ ಎಂಬ ಊರಿನ ಮೇಲೆ ಬಂತು. 2002ರ ಜುಲೈ 1ರ ರಾತ್ರಿ. ಎರಡೂ ವಿಮಾನಗಳಲ್ಲಿ ಟಿಕ್ಯಾಸ್ ಇತ್ತು, ಎರಡೂ ಸರಿಯಾಗಿ ಕೂಗಿದವು. ರಷ್ಯದ ಟುಪೊಲೆವ್‌ಗೆ ಯಂತ್ರ ಮೇಲೇರು ಎಂದಿತು, ಜ್ಯೂರಿಕ್ಕಿನ ಕಂಟ್ರೋಲರ್ ಕೆಳಗಿಳಿ ಎಂದರು. ಪೈಲಟ್ ಮನುಷ್ಯನ ಮಾತು ಕೇಳಿದ. ಎದುರಿನ ಸರಕು ವಿಮಾನ ಯಂತ್ರದ ಮಾತು ಕೇಳಿ ಅದೂ ಕೆಳಗಿಳಿಯಿತು. ಸತ್ತವರು 71, ಹೆಚ್ಚಿನವರು ರಜೆಗೆ ಹೊರಟಿದ್ದ ಮಕ್ಕಳು. ಇಲ್ಲಿಗೆ ನಿಲ್ಲಿಸಿದರೆ 'ನೋಡಿ, ಮನುಷ್ಯನೇ ಕೆಡಿಸಿದ' ಎನ್ನಬಹುದು. ಆದರೆ ಆ ರಾತ್ರಿ ಆ ಕೋಣೆಯಲ್ಲಿ ಏನಿತ್ತು? ಜೊತೆಯವರು ವಿಶ್ರಾಂತಿಗೆ ಹೋಗಿದ್ದರು. ಒಬ್ಬರೇ ಎರಡು ಪರದೆಗಳ ನಡುವೆ ಓಡಾಡುತ್ತಿದ್ದರು. ರಿಪೇರಿಗೆಂದು ಮುಖ್ಯ ಟೆಲಿಫೋನ್ ಸಂಪರ್ಕ ತೆಗೆದಿದ್ದರು, ಅಪಾಯ ಎಚ್ಚರಿಸುವ ವ್ಯವಸ್ಥೆಯೂ ಪೂರ್ತಿ ಕೆಲಸ ಮಾಡುತ್ತಿರಲಿಲ್ಲ. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಒಬ್ಬಾತ 2004ರಲ್ಲಿ ಆ ಕಂಟ್ರೋಲರ್‌ನನ್ನು ಮನೆಬಾಗಿಲಲ್ಲೇ ಇರಿದು ಕೊಂದ. 2007ರಲ್ಲಿ ಸ್ವಿಸ್ ನ್ಯಾಯಾಲಯ ತಪ್ಪಿತಸ್ಥರೆಂದದ್ದು ಸಂಸ್ಥೆಯ ನಾಲ್ವರು ಅಧಿಕಾರಿಗಳನ್ನು.

ಇನ್ನೊಂದು ವಿಷಯ ಆ್ಯಪ್ ನೋಡುವವರಿಗೆ ಗೊತ್ತಿರುವುದಿಲ್ಲ. ನೆಲದಿಂದ ಸುಮಾರು 1000 ಅಡಿಗಿಂತ ಕೆಳಗೆ ಟಿಕ್ಯಾಸ್ 'ಏರು, ಇಳಿ' ಎಂಬ ಆಜ್ಞೆ ಕೊಡುವುದನ್ನೇ ನಿಲ್ಲಿಸುತ್ತದೆ. ನೆಲಕ್ಕೆ ಅಷ್ಟು ಹತ್ತಿರದಲ್ಲಿ ಕೆಳಗಿಳಿ ಎಂದರೆ ಇನ್ನೊಂದು ಅನಾಹುತ. 2025ರ ಜನವರಿ 29ರಂದು ವಾಷಿಂಗ್ಟನ್ನಿನಲ್ಲಿ ಸೇನೆಯ ಹೆಲಿಕಾಪ್ಟರು ಪ್ರಯಾಣಿಕರ ಜೆಟ್ಟಿಗೆ ಬಡಿದು 67 ಜನ ಸತ್ತದ್ದು ಅಂಥ ಎತ್ತರದಲ್ಲೇ. ಅಲ್ಲೂ ಟವರಿನಲ್ಲಿ ಇಬ್ಬರ ಕೆಲಸವನ್ನು ಒಬ್ಬರಿಗೆ ಕಟ್ಟಿದ್ದರು.

ಇದೇ ನೆಲಕ್ಕೆ ಹತ್ತಿರದ ಆಕಾಶದಲ್ಲಿ ನಮ್ಮ ಬೆಂಗಳೂರು ಕೂದಲೆಳೆಯಲ್ಲಿ ಪಾರಾಯಿತು. 2022ರ ಜನವರಿ 7ರ ಬೆಳಿಗ್ಗೆ ಕೋಲ್ಕತ್ತಾಗೆ ಒಂದು, ಭುವನೇಶ್ವರಕ್ಕೆ ಒಂದು, ಎರಡು ಇಂಡಿಗೋ ವಿಮಾನಗಳು ಕೆಂಪೇಗೌಡ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ದಿಕ್ಕಿಗೆ ಮೇಲೆದ್ದವು. ಒಳಗೆ ನಾನೂರಕ್ಕೂ ಹೆಚ್ಚು ಜನ. ಆ ಬೆಳಿಗ್ಗೆ ಉತ್ತರದ ರನ್‌ವೇ ಏರಲಿಕ್ಕೆ, ದಕ್ಷಿಣದ್ದು ಇಳಿಯಲಿಕ್ಕೆ ಎಂದಿತ್ತು. ನಡುವೆ ಪಾಳಿಯ ಮುಖ್ಯಸ್ಥರು ಎಲ್ಲವನ್ನೂ ಉತ್ತರಕ್ಕೇ ತಂದು ದಕ್ಷಿಣವನ್ನು ಮುಚ್ಚುವ ತೀರ್ಮಾನ ಮಾಡಿದರು. ದಕ್ಷಿಣ ಟವರಿನ ಕಂಟ್ರೋಲರ್‌ಗೆ ಅದು ತಲುಪಲಿಲ್ಲ. ಅವರು ಒಂದು ವಿಮಾನ ಬಿಟ್ಟರು, ಉತ್ತರದವರು ಇನ್ನೊಂದನ್ನು ಬಿಟ್ಟರು. ಇಬ್ಬರೂ ತಮಗೆ ಗೊತ್ತಿದ್ದಷ್ಟರಲ್ಲಿ ಸರಿಯಾಗಿಯೇ ಇದ್ದರು. ಇಬ್ಬರ ನಡುವೆ ಹಾದುಹೋಗಬೇಕಿದ್ದ ಒಂದು ಮಾತು ಹಾದುಹೋಗಲಿಲ್ಲ, ಅಷ್ಟೇ.

ಎರಡೂ ವಿಮಾನಗಳು ಒಂದರ ಕಡೆಗೊಂದು ವಾಲುತ್ತಿರುವುದನ್ನು ಕಂಡದ್ದು ರಾಡಾರ್ ಮುಂದೆ ಕೂತಿದ್ದ ಇನ್ನೊಬ್ಬ ಕಂಟ್ರೋಲರ್. ಅವರು ಎರಡಕ್ಕೂ ಬೇರೆ ಬೇರೆ ದಿಕ್ಕು ಕೊಟ್ಟು ತಿರುಗಿಸಿದರು. ಪೈಲಟ್‌ಗಳು ಕೇಳಿದರು, ವಿಮಾನಗಳು ಬೇರೆಯಾದವು. ಈ ಘಟನೆಯನ್ನು 'ಎಟಿಸಿ ಎಡವಟ್ಟು' ಎಂದು ಹೇಳಿದವರು ನೂರು ಜನ. ಅದೇ ಎಟಿಸಿಯ ಇನ್ನೊಂದು ಕುರ್ಚಿ ಅದನ್ನು ಹಿಡಿದು ನಿಲ್ಲಿಸಿತು ಎಂದವರು ಎಷ್ಟು? ಆಗತಾನೇ ನೆಲ ಬಿಟ್ಟ ವಿಮಾನಗಳಲ್ಲಿ ಟಿಕ್ಯಾಸ್ ನಂಬಿ ಕೂರುವ ಹಾಗಿರಲಿಲ್ಲ. ಉಳಿಸಿದ್ದು ಒಬ್ಬ ಮನುಷ್ಯನ ಕಣ್ಣು, ಆ ಕಣ್ಣಿನ ಹಿಂದಿದ್ದ ಪಿಕ್ಚರ್.

ನನಗೆ ಇಲ್ಲಿ ಹೆಚ್ಚು ಮುಖ್ಯವೆನಿಸುವುದು ಆಮೇಲಿನ ಮೌನ. ಈ ಘಟನೆ ಯಾವ ಲಾಗ್ ಪುಸ್ತಕದಲ್ಲೂ ದಾಖಲಾಗಿರಲಿಲ್ಲ, ತಮಗೆ ವರದಿಯೂ ಆಗಿರಲಿಲ್ಲ ಎಂದು ವಿಮಾನಯಾನ ನಿರ್ದೇಶನಾಲಯದ ಅಧಿಕಾರಿಗಳೇ ಹೇಳಿದರು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಪತ್ರಿಕೆಗಳಲ್ಲಿ ಬಂತು. ಯಾಕೆ ಬರೆಯಲಿಲ್ಲ? ಅವರ ಮನಸ್ಸಿನೊಳಗೆ ನಾನು ಹೊಕ್ಕು ನೋಡಿಲ್ಲ. ಆದರೆ ಬರೆದರೆ ಕುತ್ತಿಗೆಗೆ ಬರುತ್ತದೆ ಎಂಬ ಕಚೇರಿಯಲ್ಲಿ ಲಾಗ್ ಪುಸ್ತಕ ಯಾವಾಗಲೂ ಚೊಕ್ಕಟವಾಗಿರುತ್ತದೆ ಎಂಬುದು ಸರ್ಕಾರಿ ನೌಕರಿ ಮಾಡಿದ ಎಲ್ಲರಿಗೂ ಗೊತ್ತು. 'ಮೊದಲು ಸಸ್ಪೆಂಡ್ ಮಾಡಿ' ಎನ್ನುವ ಟೀವಿ ಗೌಡರೇ ಆ ಮೌನಕ್ಕೆ ಗೊಬ್ಬರ ಹಾಕುವವರು.

ಜಪಾನಿನವರು ಈ ಶಿಕ್ಷೆಯ ದಾರಿಯಲ್ಲಿ ಕೊನೆಯ ತನಕ ಹೋಗಿ ನೋಡಿದ್ದಾರೆ. 2001ರ ಜನವರಿ 31ರಂದು ಅಲ್ಲಿ ಜಪಾನ್ ಏರ್‌ಲೈನ್ಸಿನ ಎರಡು ವಿಮಾನಗಳು ಆಕಾಶದಲ್ಲಿ ಡಿಕ್ಕಿಯಿಂದ ಕೂದಲೆಳೆಯಲ್ಲಿ ಪಾರಾದವು. ತರಬೇತಿಯಲ್ಲಿದ್ದ ಕಂಟ್ರೋಲರ್ ಒಂದು ವಿಮಾನದ ಸಂಖ್ಯೆ ಹೇಳುವ ಬದಲು ಇನ್ನೊಂದರದ್ದು ಹೇಳಿದ್ದರು. ಯಂತ್ರ ಒಂದು ಹೇಳಿತು, ಮನುಷ್ಯ ಒಂದು ಹೇಳಿದ. ಯಾರೂ ಸಾಯಲಿಲ್ಲ, ಆದರೆ ಸುಮಾರು ನೂರು ಜನರಿಗೆ ಏಟಾಯಿತು. ಕಲಿಯುತ್ತಿದ್ದವರ ಮೇಲೂ ಕಲಿಸುತ್ತಿದ್ದವರ ಮೇಲೂ ಕ್ರಿಮಿನಲ್ ಮೊಕದ್ದಮೆ ನಡೆದು, 2010ರಲ್ಲಿ ಸುಪ್ರೀಂ ಕೋರ್ಟು ಇಬ್ಬರನ್ನೂ ಅಪರಾಧಿಗಳೆಂದಿತು. ಇತ್ತ, ಯಂತ್ರವೂ ಮನುಷ್ಯನೂ ವಿರುದ್ಧ ಹೇಳಿದಾಗ ಯಾರ ಮಾತು ಕೇಳಬೇಕು ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಆ ಘಟನೆ ನಡೆದು ಒಂದೂವರೆ ವರ್ಷ ಕಳೆಯುವುದರೊಳಗೆ ಅದೇ ಪ್ರಶ್ನೆ ಊಬರ್ಲಿಂಗನ್ನಿನಲ್ಲಿ 71 ಜನರನ್ನು ಕೊಂದಿತು. ಯಂತ್ರದ ಆಜ್ಞೆಯನ್ನೇ ಪಾಲಿಸಬೇಕೆಂದು ಅಂತಾರಾಷ್ಟ್ರೀಯ ನಿಯಮ ಬಿಗಿಯಾದದ್ದು ಅದಾದ ಮೇಲೆ.

ಹಾಗಾದರೆ ಕಂಟ್ರೋಲರ್‌ಗಳು ತಪ್ಪು ಮಾಡುವುದಿಲ್ಲವೇ? ಮಾಡುತ್ತಾರೆ. ಕೆಲವೊಮ್ಮೆ ಒಂದು ಸಣ್ಣ ಪದದಲ್ಲಿ. 1989ರ ಫೆಬ್ರವರಿಯಲ್ಲಿ ಕೌಲಾಲಂಪುರದ ಹತ್ತಿರ ಒಂದು ಸರಕು ವಿಮಾನಕ್ಕೆ 2400 ಅಡಿಗೆ ಇಳಿಯಲು ಹೇಳುವಾಗ ಕಂಟ್ರೋಲರ್ 'ಡಿಸೆಂಡ್ ಟೂ ಫೋರ್ ಜೀರೋ ಜೀರೋ' ಎಂದರು. ಪೈಲಟ್ ಆ 'ಟೂ' ಅನ್ನು ಎರಡು ಎಂದು ಕೇಳದೆ, 400ಕ್ಕೆ ಇಳಿಯಿರಿ ಎಂದು ಕೇಳಿಸಿಕೊಂಡು, 'ಓಕೆ, ಫೋರ್ ಜೀರೋ ಜೀರೋ' ಎಂದು ಒಪ್ಪಿಸಿದರು. ಆ ಉತ್ತರವನ್ನು ಟವರಿನ ಕಿವಿ ಹಿಡಿಯಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. ಈ ಕೆಲಸದ ಇಂಗ್ಲಿಷು ನಾಲ್ಕು ಉರುಹೊಡೆದ ಮಾತು ಎನ್ನುವವರು ಇದನ್ನು ಒಮ್ಮೆ ನೆನೆಯಬೇಕು. ಹೇಳುವುದು ಸುಲಭ. ಒಪ್ಪಿಸಿದ್ದನ್ನು ಕೇಳುವ ಕಿವಿ ಬೇಕು, ಅದೂ ಬೆಳಗಿನ ಮೂರು ಗಂಟೆಗೆ, ಹತ್ತು ದೇಶದ ಉಚ್ಚಾರಣೆಯ ನಡುವೆ. ಭಾಷಾ ಪರೀಕ್ಷೆಯಲ್ಲಿ ನಾಲ್ಕನೆಯ ಮಟ್ಟ ಗಿಟ್ಟಿಸಿದವರು ಮೂರು ವರ್ಷಕ್ಕೊಮ್ಮೆ ಮತ್ತೆ ಕೂರಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ.

ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ, ಇನ್ನೂ ಕಠಿಣವಾಗಲಿ. ಪ್ರಯಾಗರಾಜದ ತರಬೇತಿ ಕಾಲೇಜು ಮುಗಿಸಿ ಬಂದ ಹುಡುಗ ಹುಡುಗಿಯರು ತಮ್ಮ ನಿಲ್ದಾಣದಲ್ಲಿ ಹಿರಿಯರ ಪಕ್ಕ ಕೂತು ಕಲಿತ ಮೇಲೆಯೇ ಒಂಟಿಯಾಗಿ ಹೆಡ್‌ಸೆಟ್ ಹಾಕುವುದು. ಆ ಅರ್ಹತೆ ಆ ಜಾಗಕ್ಕೆ ಮಾತ್ರ. ಕೊಚ್ಚಿಯಲ್ಲಿ ಹತ್ತು ವರ್ಷ ಮಾಡಿದವರನ್ನು ಎತ್ತಿ ಮರುದಿನವೇ ತಿರುವನಂತಪುರದಲ್ಲಿ ಕೂರಿಸುವಂತಿಲ್ಲ. ಇಲ್ಲಿನ ಕಡಲಗಾಳಿ ಬೇರೆ, ಪಕ್ಕದ ತುಂಬಾದಿಂದ ರಾಕೆಟ್ ಬಿಡುವ ದಿನದ ಕಟ್ಟುಪಾಡು ಬೇರೆ. ಅದೇ ಕುರ್ಚಿಯಲ್ಲೂ ತಿಂಗಳುಗಟ್ಟಲೆ ಕೂರದಿದ್ದರೆ ಅರ್ಹತೆ ತಾನಾಗಿ ಜಾರುತ್ತದೆ. ಅಂತಾರಾಷ್ಟ್ರೀಯ ನಿಯಮ ಹಾಕುವ ಗರಿಷ್ಠ ಮಿತಿ ಆರು ತಿಂಗಳು. ಇಂಥ ಕಟ್ಟುನಿಟ್ಟಿನ ಕಸುಬಿಗೆ 'ಮೂರು ತಿಂಗಳಲ್ಲಿ ಕೋಡ್ ಬರೆದು ಕೊಡ್ತೇನೆ' ಎನ್ನುವವರ ಧೈರ್ಯವನ್ನು ಮೆಚ್ಚಬೇಕು.

ಕುಂಬಳೆ ಸೀಮೆಯಲ್ಲಿ ಬಯಲಾಟ ನೋಡಿ ಬೆಳೆದವನಿಗೆ ಇದು ಬೇಗ ತಲೆಗೆ ಹೋಗುತ್ತದೆ. ಭಾಗವತರ ಮುಂದೆ ಪ್ರಸಂಗದ ಪುಸ್ತಕ ಇರುತ್ತದೆ ನಿಜ. ಆದರೆ ಯಾವ ವೇಷವನ್ನು ಯಾವಾಗ ರಂಗಕ್ಕೆ ಕರೆಯಬೇಕು, ಎಲ್ಲಿ ಪದ್ಯ ತಡೆಹಿಡಿಯಬೇಕು, ಕುಣಿತ ಎಳೆದುಹೋದಾಗ ಎಲ್ಲಿ ಕತ್ತರಿಸಬೇಕು ಎಂಬುದು ಪುಸ್ತಕದಲ್ಲಿಲ್ಲ. ಒಂದು ತಿರುಗಾಟ ಬಿಟ್ಟು ಕೂತ ಭಾಗವತರ ಕೈ ಜಾಗಟೆಯ ಮೇಲೆ ತಡವರಿಸುವುದನ್ನು ಸಭೆ ಕೂಡಲೇ ಹಿಡಿಯುತ್ತದೆ. ಇನ್ನೊಂದು: ಬೆಳಗಿನ ತನಕದ ಆಟವನ್ನು ಒಬ್ಬರ ಗಂಟಲಿಗೆ ಹೊರಿಸುವುದಿಲ್ಲ. ಇರುಳನ್ನು ಇಬ್ಬರು ಮೂವರು ಹಂಚಿಕೊಂಡು ಹಾಡುತ್ತಾರೆ. ಬ್ರಿಟನ್ನಿನ ಕಂಟ್ರೋಲರ್‌ಗಳಿಗೆ ಎರಡು ಗಂಟೆ ಕೂತರೆ ಅರ್ಧ ಗಂಟೆ ಬಿಡುವು ಎಂಬ ನಿಯಮ ಇರುವುದೂ ಇದಕ್ಕೇ. ನಮ್ಮಲ್ಲಿ? 2025ರ ಆಗಸ್ಟಿನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೇ ಕಂಟ್ರೋಲರ್‌ಗಳ ಕೊರತೆಯನ್ನೂ ದಣಿವನ್ನೂ ಸುರಕ್ಷತೆಯ ಸಮಸ್ಯೆಯೆಂದು ಎತ್ತಿ ಹೇಳಬೇಕಾಯಿತು. ಇದು ಬಜೆಟ್ಟಿನ ಪ್ರಶ್ನೆ, ನೇಮಕಾತಿಯ ಪ್ರಶ್ನೆ. ಅದಕ್ಕೇ ಚರ್ಚೆಗೆ ಬರುವುದಿಲ್ಲ. ಒಬ್ಬರನ್ನು ಬೈದು ಮುಗಿಸುವುದು ಅಗ್ಗ.

ಯಂತ್ರ ಕೈಕೊಟ್ಟಾಗ ಏನಾಗುತ್ತದೆ ಎಂಬುದೂ ನಮ್ಮ ಕಡೆಯವರಿಗೆ ಹೊಸದಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಜನ ಸತ್ತರು, ಕಾಸರಗೋಡಿನ ಕಡೆಯವರು ಅನೇಕರು. ಅಸ್ಥಿರವಾದ ಇಳಿತವನ್ನು ಬಿಡದೆ ಮುಂದುವರಿಸಿದ ಕ್ಯಾಪ್ಟನ್‌ದೇ ತಪ್ಪು ಎಂದು ವಿಚಾರಣೆ ಹೇಳಿತು. ನಿದ್ದೆಯಿಂದ ಎದ್ದಿದ್ದ ಅವರಿಗೆ ಸಹ ಪೈಲಟ್ ಮೂರು ಸಲ 'ಗೋ ಅರೌಂಡ್' ಎಂದಿದ್ದರು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ: ಎರಡು ದಿನದಿಂದ ಮಂಗಳೂರಿನ ರಾಡಾರ್ ಕೆಟ್ಟಿತ್ತು. ರಾಡಾರ್ ಇಲ್ಲದಿದ್ದರೆ ಪೈಲಟ್ ಹೇಳಿದ ಸ್ಥಾನ ನಂಬಿ, ಲೆಕ್ಕದ ಮೇಲೆ ಅಂತರ ಕಾಯಬೇಕು, ಅಂತರವನ್ನು ದೊಡ್ಡದಾಗಿಯೇ ಇಡಬೇಕು. ಸುಮಾರು 130 ಮೈಲಿ ದೂರದಲ್ಲೇ ಇಳಿಯಲು ಕೇಳಿದ ವಿಮಾನಕ್ಕೆ ಅನುಮತಿ ಸಿಕ್ಕಿದ್ದು 80 ಮೈಲಿಗಿಂತ ಹತ್ತಿರ ಬಂದ ಮೇಲೆ. ಕಂಟ್ರೋಲರ್ ಮಾಡಿದ್ದು ನಿಯಮದ ಪ್ರಕಾರವೇ ಇತ್ತು. ಕೆಟ್ಟ ಯಂತ್ರದ ಭಾರ ಮಾತ್ರ ಆಕಾಶದಲ್ಲಿದ್ದವರ ಹೆಗಲಿಗೆ ಹೋಯಿತು. ಯಂತ್ರ ಇದ್ದಾಗಿನ ಕೆಲಸ ಒಂದು, ಇಲ್ಲದಾಗಿನ ಕೆಲಸ ಇನ್ನೊಂದು, ಎರಡೂ ಕೈಯಲ್ಲಿರಬೇಕು. 2025ರ ನವೆಂಬರ್ 7ರಂದು ದೆಹಲಿಯಲ್ಲಿ ವಿಮಾನಗಳ ಯೋಜನೆ ರವಾನಿಸುವ ವ್ಯವಸ್ಥೆ ಕುಸಿದು ಎಂಟುನೂರಕ್ಕೂ ಹೆಚ್ಚು ವಿಮಾನಗಳು ತಡವಾದಾಗ ಕೈಯಿಂದಲೇ ಆ ಕೆಲಸ ಎಳೆದವರು ಯಾರು? ನಾವು 'ಯಾಕೆ ಬೇಕು' ಎಂದು ಕೇಳುತ್ತಿರುವ ಜನವೇ.

ಜನ ಗಮನಿಸುವುದೇ ಬೇರೆ. 2025ರ ಜೂನ್ 14ರ ರಾತ್ರಿ ಇಂಧನ ತೀರುತ್ತಾ ಬಂದ ಬ್ರಿಟಿಷ್ ಎಫ್-35ಬಿ ಯುದ್ಧವಿಮಾನ ತಿರುವನಂತಪುರದಲ್ಲಿ ಇಳಿಯಿತು, ಐದು ವಾರ ಇಲ್ಲೇ ಕೂತಿತು. ಕೇರಳ ಪ್ರವಾಸೋದ್ಯಮದವರು ಅದರ ಮೇಲೆ ತಮಾಷೆಯ ಜಾಹೀರಾತನ್ನೇ ಮಾಡಿದರು, ನಾವೆಲ್ಲ ನಕ್ಕು ಹಂಚಿಕೊಂಡೆವು. ಆ ರಾತ್ರಿ ಅದಕ್ಕೆ ಜಾಗ ಮಾಡಿಕೊಟ್ಟವರ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಅದೇ ವರ್ಷ ಆಗಸ್ಟ್ 10ರಂದು ಇಲ್ಲಿಂದ ದೆಹಲಿಗೆ ಹೊರಟ ಏರ್ ಇಂಡಿಯಾ ವಿಮಾನ ಚೆನ್ನೈ ಕಡೆಗೆ ತಿರುಗಿ, ಅಲ್ಲಿ ಇಳಿಯುವ ಮೊದಲ ಯತ್ನ ಕೈಬಿಟ್ಟು ಮತ್ತೆ ಮೇಲೇರಿತು. ಒಳಗೆ ಸಂಸದರಿದ್ದರು, ಹಾಗಾಗಿ ದೊಡ್ಡ ಸುದ್ದಿ. ರನ್‌ವೇ ಮೇಲೆ ಬೇರೆ ವಿಮಾನವಿತ್ತು ಎಂದು ಒಬ್ಬರು, ಇರಲಿಲ್ಲ, ಚೆನ್ನೈ ಎಟಿಸಿ ಹೇಳಿತು ಎಂದು ಕಂಪನಿ. ಜಗಳ ಅವರದ್ದು ಅವರಿಗಿರಲಿ. ನನಗೆ ಬೇಸರ ತಂದದ್ದು, ಇಳಿಯಬೇಡ, ಮತ್ತೆ ಮೇಲೆ ಹೋಗು ಎಂಬ ಸೂಚನೆಯನ್ನೇ ಅಪಾಯವೆಂದು ಎಲ್ಲರೂ ಓದಿದ್ದು. ಸಂದೇಹ ಬಂದಾಗ ಒಂದು ಸುತ್ತು ಹಾಕಿಸುವುದು ಈ ಕೆಲಸದ ಅತಿ ಸಾಮಾನ್ಯ ಮಾತು.

ಚಾಯ ಮುಗಿಯುತ್ತಿತ್ತು. ಹುಡುಗನ ಪರದೆಯಲ್ಲಿ ಇಳಿಯಲು ಬಂದಿದ್ದ ಒಂದು ಹಳದಿ ವಿಮಾನ ಸಾಲು ಬಿಟ್ಟು ಕಡಲ ಕಡೆಗೆ ತಿರುಗಿತು.

"ಇದ್ಯಾಕೆ ಚೇಟಾ ಹೀಗೆ ತಿರುಗಿತು?"

"ಅದರಲ್ಲಿ ಬರೆದಿಲ್ವಾ?"

ಅವನು ಆ ವಿಮಾನವನ್ನು ಒತ್ತಿ ನೋಡಿದ. ಎತ್ತರ ಇತ್ತು, ವೇಗ ಇತ್ತು, ಹೊರಟ ಊರು ಶಾರ್ಜಾ ಎಂದಿತ್ತು. ಲೋಟ ತೊಳೆಯುತ್ತಿದ್ದ ಚಾಯಕಡೆಯವನೂ ಬಗ್ಗಿ ನೋಡಿದ. ಹನ್ನೆರಡು ನಿಮಿಷದ ಮೇಲೆ ಅದು ಇಳಿಯಿತು.